ಪಕ್ಷಿವೀಕ್ಷಣೆ: ಮನೆಯಂಗಳದಿಂದ ಪರದೇಶದವರೆಗೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಎಂಬ ಗ್ರಾಮವಿದೆ. ಮಳೆಗಾಲವು ಮುಗಿದು ಚಳಿಯು ಕಾಲಿಡುತ್ತಲೇ ಅಲ್ಲಿಯ ಕೆರೆಗೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಬೂದು ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಆದುದರಿಂದಲೇ ಇವಕ್ಕೆ ಪಟ್ಟೆತಲೆಯ ಹೆಬ್ಬಾತು ಎಂದು ಹೆಸರು. ಸುತ್ತಲಿನ ಹೊಲಗಳಲ್ಲಿ ಮೇಯುತ್ತ, ಕೆರೆಯಲ್ಲಿ ವಿಶ್ರಮಿಸುತ್ತ ಚಳಿಗಾಲವನ್ನು ಕಳೆದು, ಬಿಸಿಲೇರುವ ಹೊತ್ತಿಗೆ ಅವು ಬಂದ ದಾರಿಯನ್ನು ಹಿಡಿದು ಹೊರಟುಹೋಗುತ್ತವೆ. ಅವು ಮೊಟ್ಟೆಯಿಟ್ಟು ಮರಿಮಾಡುವುದು ಟಿಬೆಟ್ಟು, ಮಂಗೋಲಿಯಾ ಮುಂತಾದ ಮಧ್ಯ ಏಷ್ಯದ ಎತ್ತರದ ಸರೋವರಗಳ ಬಳಿ. ಹಾಗಾದರೆ ಈ ಹಕ್ಕಿಯ ಸ್ವದೇಶ ಯಾವುದು, ಪರದೇಶ ಯಾವುದು? ಅಷ್ಟು ದೂರದ ಊರಿನಿಂದಲೇ ಅದು ಬಂದಿತೆಂಬುದನ್ನು ಮನುಷ್ಯನು ತಿಳಿದುದಾದರೂ ಹೇಗೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಪ್ರಯೋಗಶಾಲೆಯೊಂದೇ ಕೊಡಲಾರದು. ಊರಿನಲ್ಲಿದ್ದಾಗಲೂ ಪರದೇಶಕ್ಕೆ ಹೋದಾಗಲೂ ಕಣ್ಣನ್ನು ತೆರೆದಿಟ್ಟುಕೊಂಡು, ಕಂಡುದನ್ನು ಕಂಡಂತೆಯೇ ಬರೆದಿಟ್ಟ ಪಕ್ಷಿವೀಕ್ಷಕರ ಶ್ರಮ ಅದಕ್ಕೆ ಬೇಕು. ಭಾರತದಲ್ಲಿ ಅಂಥವರ ಪೈಕಿ ಅಗ್ರಗಣ್ಯರಾದ ಸಾಲಿಂ ಅಲಿಯವರ ಜೀವನವು ಈ ವಿದ್ಯೆಯ ಸ್ವರೂಪವನ್ನು ಅರಿಯಲು ಒಳ್ಳೆಯ ನಿದರ್ಶನವಾಗಿದೆ.

ಒಂದು ಗುಬ್ಬಿಯ ಪ್ರಶ್ನೆ

ಸಾಲಿಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲ್ಯದಲ್ಲಿ ಆಟದ ಬಂದೂಕಿನಿಂದ ಹೊಡೆದ ಒಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯನ್ನು ಕಂಡು ಬೆರಗಾದ ಹುಡುಗನು, ಅದಾವ ಹಕ್ಕಿಯೆಂದು ತಿಳಿಯಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದನು. ಅಲ್ಲಿಯ ಕಾರ್ಯದರ್ಶಿಗಳಾಗಿದ್ದ ಮಿಲಾರ್ಡರು ಆ ಹಕ್ಕಿಯ ಗುರುತನ್ನು ಹೇಳಿಕೊಟ್ಟುದಲ್ಲದೆ, ಸಂಘದ ಪಕ್ಷಿಸಂಗ್ರಹವನ್ನೂ ತೋರಿಸಿದರು. ಬಾಲಕನ ಪ್ರಶ್ನೆಯನ್ನು ಹಿರಿಯರೊಬ್ಬರು ಹಗುರವಾಗಿ ಕಾಣದೆ ಉತ್ತರಿಸಿದುದರ ಫಲವು ಮುಂದೆ ಇಡೀ ದೇಶಕ್ಕೆ ದೊರೆಯಿತು. ಶಿಕ್ಷಕರಾದವರು ಮರೆಯಬಾರದ ಸಂಗತಿಯಿದು. ಸಾಲಿಂ ಅಲಿಯವರು ತಮ್ಮ ಆತ್ಮಕಥೆಗೆ ಒಂದು ಗುಬ್ಬಿಯ ಪತನ ಎಂಬರ್ಥದ ಹೆಸರನ್ನಿಟ್ಟುದು ಈ ಗುಬ್ಬಿಯ ನೆನಪಿಗಾಗಿಯೇ.

ಪರದೇಶದ ಪಾಠ

1914ರಲ್ಲಿ ಅವರು ಮನೆಯವರ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ಟವಾಯ್ ಪ್ರಾಂತಕ್ಕೆ ತೆರಳಿದರು. ವ್ಯಾಪಾರಕ್ಕಿಂತ ಅಲ್ಲಿಯ ಕಾಡುಗಳ ಹಕ್ಕಿಗಳೇ ಅವರ ಮನಸ್ಸನ್ನು ಸೆಳೆದವು. ವಿಶ್ವವಿದ್ಯಾಲಯದ ಪದವಿಯಿಲ್ಲದ್ದರಿಂದ ಪಕ್ಷಿಶಾಸ್ತ್ರಜ್ಞನ ಹುದ್ದೆಯು ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ, ಬರುವ ಜನರಿಗೆ ವಿವರಣೆ ಕೊಡುವ ಕೆಲಸವು ದೊರೆಯಿತು. ಎರಡು ವರ್ಷಗಳ ತರುವಾಯ ರಜೆ ಪಡೆದು ಜರ್ಮನಿಗೆ ಹೋಗಿ, ಬರ್ಲಿನ್ನಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಪ್ರೊ. ಎರ್ವಿನ್ ಸ್ಟ್ರೆಸೆಮಾನರ ಬಳಿ ಅಭ್ಯಾಸ ಮಾಡಿದರು.

ಆಗ ಅವರು ಉತ್ತರ ಸಮುದ್ರದಲ್ಲಿರುವ ಹೆಲಿಗೋಲ್ಯಾಂಡ್ ಎಂಬ ಪುಟ್ಟ ದ್ವೀಪದ ಪಕ್ಷಿಕೇಂದ್ರವನ್ನು ಕಂಡರು. ಸಮುದ್ರವನ್ನು ದಾಟುವ ಹಕ್ಕಿಗಳಿಗೆ ಈ ದ್ವೀಪವು ತಂಗುದಾಣವಿದ್ದಂತೆ. ಪೊದೆಗಳ ಮೇಲೆ ಬಲೆಯನ್ನು ಹರಡಿ, ಅದು ಒಳಹೋದಂತೆ ಕಿರಿದಾಗಿ ಕೊನೆಗೆ ಒಂದು ಪೆಟ್ಟಿಗೆಯಲ್ಲಿ ಮುಗಿಯುವಂತೆ ಅಲ್ಲಿ ಏರ್ಪಾಡು ಮಾಡಲಾಗಿತ್ತು. ಹಾಗೆ ಸಿಕ್ಕ ಹಕ್ಕಿಯ ಕಾಲಿಗೆ ಸಂಖ್ಯೆಯಿರುವ ಹಗುರವಾದ ಲೋಹದ ಉಂಗುರವನ್ನು ತೊಡಿಸಿ, ಜಾತಿ, ದಿನಾಂಕ, ಸ್ಥಳಗಳನ್ನು ಪುಸ್ತಕದಲ್ಲಿ ದಾಖಲಿಸಿ ಹಾರಲು ಬಿಡುತ್ತಿದ್ದರು. ಅದೇ ಹಕ್ಕಿಯು ಬೇರೊಂದು ನಾಡಿನಲ್ಲಿ ಸಿಕ್ಕು, ಆ ಸಂಖ್ಯೆಯು ಕೇಂದ್ರಕ್ಕೆ ತಿಳಿದುಬಂದರೆ ಅದರ ಪಯಣದ ಎರಡು ನೆಲೆಗಳು ನಿಶ್ಚಿತವಾಗುತ್ತವೆ. 1899ರಲ್ಲಿ ಡೆನ್ಮಾರ್ಕಿನ ಶಾಲಾಶಿಕ್ಷಕ ಮಾರ್ಟೆನ್ಸೆನ್ನರು ಈ ಪದ್ಧತಿಗೆ ಶಾಸ್ತ್ರೀಯವಾದ ಅಡಿಪಾಯವನ್ನು ಹಾಕಿದ್ದರು.

ಮನೆಯಂಗಳದ ಶೋಧ

1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ಪರದೇಶದ ವಿದ್ಯೆಯಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಪತ್ನಿ ತೆಹಮಿನಾ ಅವರೊಡನೆ ಮುಂಬಯಿಗೆ ಸಮೀಪದ ಕಡಲತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಮನೆಯ ಬಳಿಯ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಯಾರೂ ಎರಡನೆಯ ಸಲ ತಿರುಗಿ ನೋಡದ ಆ ಹಕ್ಕಿಗಳನ್ನು ಅವರು ದಿನದಿನವೂ ಮರೆಯಲ್ಲಿ ಕುಳಿತು ಗಮನಿಸಿದರು. ಗಂಡು ಗೀಜಗವು ಗೂಡನ್ನು ಅರ್ಧದಷ್ಟು ಹೆಣೆದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಅದನ್ನು ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಮಾತ್ರ ಜೋಡಿಯಾಗಿ ಗೂಡು ಪೂರ್ಣವಾಗುತ್ತದೆ. ಹೆಣ್ಣು ಕಾವಿಗೆ ಕುಳಿತ ಮೇಲೆ ಗಂಡು ಬೇರೊಂದು ಗೂಡನ್ನು ಕಟ್ಟಲು ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹೀಗೆ ಗೀಜಗದ ಸಂಸಾರದ ರೀತಿಯು ಬೆಳಕಿಗೆ ಬಂದಿತು. ಬರ್ಲಿನ್ನಿನಲ್ಲಿ ಪಳಗಿದ ಕಣ್ಣಿಗೆ ಶೋಧದ ವಸ್ತುವು ಮನೆಯ ಬಾಗಿಲಲ್ಲಿಯೇ ದೊರೆಯಿತು.

ತರುವಾಯ ಹೈದರಾಬಾದು, ತಿರುವಾಂಕೂರು ಮುಂತಾದ ಸಂಸ್ಥಾನಗಳಲ್ಲಿ ಪಕ್ಷಿ ಸಮೀಕ್ಷೆಯನ್ನು ನಡೆಸಿದರು. 1939ರಲ್ಲಿ ಪತ್ನಿಯು ತೀರಿಕೊಂಡರು. ಆ ದುಃಖದ ನಡುವೆಯೂ ಕೆಲಸವನ್ನು ಬಿಡದೆ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಕೈಕೊಂಡರು. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುವುದನ್ನು ಕಂಡು, ಅವಕ್ಕೆ ರಕ್ಷಣೆ ದೊರೆಯಬೇಕೆಂದು ಮೈಸೂರಿನ ಅರಸರಿಗೆ ತಿಳಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಬ್ಬ ಪ್ರಯಾಣಿಕನ ವೀಕ್ಷಣೆಯು ಅರಸನ ಆಜ್ಞೆಯಾಗಿ ಪರಿಣಮಿಸಿದುದಕ್ಕೆ ಇದು ಸಾಕ್ಷಿ.

ಮಲೆನಾಡಿನ ಭೀತಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರೂ ಜ್ವರದಿಂದ ಮಡಿದರು. ಇದೇ ಮಂಗನ ಕಾಯಿಲೆ. ರೋಗದ ವೈರಾಣುವು ರಷ್ಯಾ ದೇಶದ ಒಂದು ವೈರಾಣುವಿಗೆ ಹತ್ತಿರದ್ದೆಂದು ಕಂಡುಬಂದಾಗ, ಉತ್ತರದಿಂದ ವಲಸೆ ಬರುವ ಹಕ್ಕಿಗಳೇ ಅದನ್ನು ತಂದಿರಬಹುದೆಂಬ ಸಂದೇಹ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾಲಿಂ ಅಲಿಯವರ ನೇತೃತ್ವದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವ, ಅವುಗಳ ಮೈಮೇಲಿನ ಉಣ್ಣೆಗಳನ್ನು ಪರೀಕ್ಷಿಸುವ ಕಾರ್ಯವು ಮೊದಲಾಯಿತು. ಕಾಯಿಲೆಯು ಕಾಡಿನ ಉಣ್ಣೆಗಳ ಕಡಿತದಿಂದ ಹರಡುವುದೆಂಬುದು ದೃಢಪಟ್ಟಿತು. ಹಕ್ಕಿಗಳು ಅದನ್ನು ಹೊತ್ತುತಂದವೆಂಬ ಮಾತಿಗೆ ಆಧಾರ ದೊರೆಯಲಿಲ್ಲ. ಹೆಲಿಗೋಲ್ಯಾಂಡಿನಲ್ಲಿ ಕಲಿತ ವಿದ್ಯೆಯು ಮೂರು ದಶಕಗಳ ಮೇಲೆ ಮಲೆನಾಡಿನ ಸಂಕಟದ ವೇಳೆ ಉಪಯೋಗಕ್ಕೆ ಬಂದ ಬಗೆಯಿದು. ಸಂದೇಹವನ್ನು ತೀರ್ಪೆಂದು ಭಾವಿಸದೆ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಧರ್ಮ.

ಕೆರೆಯ ಋಣ

ಈಗ ಉಂಗುರದ ಜೊತೆಗೆ ಕೊರಳಪಟ್ಟಿ, ಉಪಗ್ರಹಗಳಿಗೆ ಸಂಕೇತ ಕಳಿಸುವ ಪುಟ್ಟ ಯಂತ್ರಗಳೂ ಬಂದಿವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದಿವೆ. ಹಿಮಾಲಯವನ್ನು ದಾಟುವಾಗ ಅವು ಏಳು ಸಾವಿರ ಮೀಟರಿಗಿಂತಲೂ ಎತ್ತರದಲ್ಲಿ ಹಾರಿದುದು ದಾಖಲಾಗಿದೆ. ಪ್ರಾಣವಾಯುವು ವಿರಳವಾದ ಆ ಎತ್ತರದಲ್ಲಿಯೂ ಅದನ್ನು ಹೀರಿಕೊಳ್ಳಬಲ್ಲ ಶಕ್ತಿ ಅವುಗಳ ರಕ್ತಕ್ಕಿದೆ.

ಆದರೆ ಹಿಮಾಲಯವನ್ನು ದಾಟಿ ಬಂದ ಹಕ್ಕಿಗೆ ಇಳಿಯಲು ಕೆರೆಯೇ ಇಲ್ಲದಿದ್ದರೆ? ಹೂಳು ತುಂಬಿ, ಅಂಗಳ ಒತ್ತುವರಿಯಾಗಿ ಒಂದು ಕೆರೆ ಅಳಿದರೆ, ಆ ನಷ್ಟವು ಆ ಊರಿನದಷ್ಟೇ ಆಗಿ ಉಳಿಯುವುದಿಲ್ಲ. 2024ರಲ್ಲಿ ಮಾಗಡಿ ಕೆರೆಯು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ರಂಗನತಿಟ್ಟು 2022ರಲ್ಲಿಯೇ ಸೇರಿತ್ತು. ಇಂತಹ ಮನ್ನಣೆಗಳಿಗೆ ಬುನಾದಿಯಾದುದು ವರ್ಷವರ್ಷವೂ ಹಕ್ಕಿಗಳನ್ನು ಎಣಿಸಿ ಬರೆದಿಟ್ಟವರ ಲೆಕ್ಕ.

ಸಾಲಿಂ ಅಲಿಯವರು 1987ರ ಜೂನ್ 20ರಂದು ನಿಧನರಾದರು. ರಿಪ್ಲೆಯವರೊಡನೆ ಅವರು ರಚಿಸಿದ ಭಾರತದ ಪಕ್ಷಿಗಳ ಕೈಪಿಡಿಯ ಹತ್ತು ಸಂಪುಟಗಳು ಅವರ ವೀಕ್ಷಣೆಯ ಫಲ. ಆ ಕಾರ್ಯಕ್ಕೆ ಬೇಕಾದ ಸಾಮಗ್ರಿ ಬಹಳ ದುಬಾರಿಯದಲ್ಲ: ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ಸಿಲು, ಸಹನೆಯುಳ್ಳ ಕಣ್ಣು. ದಿನಾಂಕ, ಸ್ಥಳ, ಹಕ್ಕಿಯ ಹೆಸರು, ಸಂಖ್ಯೆ — ಇಷ್ಟನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ಸಾಕು. ಗುರುತು ಸಿಗದ ಹಕ್ಕಿಯನ್ನು ಗುರುತು ಸಿಗದ್ದೆಂದೇ ಬರೆಯಬೇಕು. ಪ್ರತಿ ಗ್ರಾಮದ ಶಾಲೆಯೂ ತನ್ನೂರಿನ ಕೆರೆಯ ಹಕ್ಕಿಗಳಿಗೆ ಇಂತಹ ಒಂದು ಪುಸ್ತಕವನ್ನಿಟ್ಟು, ಹಿರಿಯ ತರಗತಿಯವರು ಅದನ್ನು ಕಿರಿಯರ ಕೈಗೊಪ್ಪಿಸುತ್ತ ಹೋದರೆ, ಐವತ್ತು ವರ್ಷಗಳ ಮೇಲೆ ಅದು ಬೆಲೆಕಟ್ಟಲಾಗದ ಆಸ್ತಿಯಾದೀತು. ಕೆರೆಗೆ ಕಷ್ಟ ಬಂದ ದಿನ ಅದರ ಪರವಾಗಿ ಸಾಕ್ಷಿ ನುಡಿದೀತು.