ಸೂಲಗಿತ್ತಿಯ ಕೈ, ವೈದ್ಯನ ಕೈ

ಹೆರಿಗೆಗೆ ಸೂಲಗಿತ್ತಿ ಸಾಕೆ, ಪ್ರಸೂತಿತಜ್ಞರೇ ಬೇಕೆ ಎಂಬ ಪ್ರಶ್ನೆಯನ್ನು ಇಂದು ನಮ್ಮ ಸುಶಿಕ್ಷಿತರ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅಜ್ಜಿಯ ಕಾಲದ ಮಾತೆಂದು ನಕ್ಕುಬಿಡುವುದುಂಟು. ಆದರೆ ಈ ಪ್ರಶ್ನೆ ಒಂದು ಕಾಲದಲ್ಲಿ, ಅದೂ ವಿದ್ಯೆಗೆ ಹೆಸರಾದ ಒಂದು ಮಹಾನಗರದಲ್ಲಿ, ಅಕ್ಷರಶಃ ಜೀವನ್ಮರಣದ ಪ್ರಶ್ನೆಯಾಗಿತ್ತು. ಅಲ್ಲಿ ದೊರೆತ ಉತ್ತರವೂ ನಗುವವರನ್ನು ತುಸು ತಡೆದು ನಿಲ್ಲಿಸುವಂಥದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆಸ್ಟ್ರಿಯದ ರಾಜಧಾನಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ ಮೀಸಲು. ಬಡ ಗರ್ಭಿಣಿ ಯಾವ ವಿಭಾಗಕ್ಕೆ ಸೇರಬೇಕೆಂಬುದನ್ನು ಅವಳು ಬಂದ ದಿನ ನಿರ್ಧರಿಸುತ್ತಿತ್ತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 100 ತಾಯಂದಿರಲ್ಲಿ 11ಕ್ಕೂ ಹೆಚ್ಚು ಮಂದಿ ಸತ್ತರು. ಎರಡನೆಯದರಲ್ಲಿ ಸತ್ತವರು 3ಕ್ಕಿಂತ ಕಡಿಮೆ. ಕೊಲ್ಲುತ್ತಿದ್ದುದು ಸೂತಿಕಾಜ್ವರ. (ನಮ್ಮ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎಂದು ಹೇಳುತ್ತಿದ್ದುದರಲ್ಲಿ ಈ ಜ್ವರದ ಪಾಲೂ ಇದ್ದಿರಬೇಕು.) ಈ ವ್ಯತ್ಯಾಸ ಪಂಡಿತರಿಗಿಂತ ಚೆನ್ನಾಗಿ ಊರಿನ ಹೆಂಗಸರಿಗೆ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿರೆಂದು ಅವರು ಮೊಣಕಾಲೂರಿ ಬೇಡುತ್ತಿದ್ದರು. ಬೇಕೆಂದೇ ಬೀದಿಯಲ್ಲಿ ಹೆತ್ತು, ದಾರಿಯಲ್ಲಿ ಹೆರಿಗೆಯಾಯಿತೆಂದು ಹೇಳಿ ಆಮೇಲೆ ಆಸ್ಪತ್ರೆಗೆ ಬರುವವರೂ ಇದ್ದರು. ಸೋಜಿಗವೆಂದರೆ, ಹೀಗೆ ಬೀದಿಯಲ್ಲಿ ಹೆತ್ತವರಿಗೆ ಜ್ವರ ತಗಲುತ್ತಿದ್ದುದೂ ಕಡಿಮೆ.

ಇದನ್ನು ಸೋಜಿಗವೆಂದು ಬಿಟ್ಟುಬಿಡದೆ ಬೆನ್ನುಹತ್ತಿದವನು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೆರಿಯ ತರುಣ ವೈದ್ಯ. 1847ರ ವಸಂತದಲ್ಲಿ ಅವನ ಗೆಳೆಯನಾದ ಪ್ರಾಧ್ಯಾಪಕ ಕೊಲೆಚ್ಕ ಶವಪರೀಕ್ಷೆಯ ವೇಳೆಯಲ್ಲಿ ಬೆರಳಿಗೆ ಕತ್ತಿ ತಾಗಿ ಸತ್ತ. ಅವನ ದೇಹದಲ್ಲಿ ಕಂಡುಬಂದ ಲಕ್ಷಣಗಳು ಸತ್ತ ತಾಯಂದಿರಲ್ಲಿ ಕಂಡವುಗಳೇ. ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಶವವನ್ನು ಸೀಳಿದ ಕೈಯಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಚಲುವೆಪುಡಿಯ ದ್ರಾವಣದಲ್ಲಿ ಕೈ ತೊಳೆದಲ್ಲದೆ ಯಾರೂ ಗರ್ಭಿಣಿಯನ್ನು ಮುಟ್ಟಕೂಡದೆಂದು ಅವನು ಕಟ್ಟುಮಾಡಿದ. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ ಸುಮಾರು 1ಕ್ಕೆ ಇಳಿಯಿತು. ಹಿರಿಯರು ಒಪ್ಪಲಿಲ್ಲ. ತಮ್ಮ ಕೈಯೇ ಕೊಲ್ಲುತ್ತಿತ್ತೆಂಬ ಮಾತನ್ನು ಯಾವ ವೈದ್ಯನೂ ಸುಲಭವಾಗಿ ನುಂಗಲಾರ. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಈ ವೃತ್ತಾಂತವನ್ನು ಸೂಲಗಿತ್ತಿಯ ಗೆಲುವೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. 1848ರ ಲೆಕ್ಕವನ್ನು ನೋಡಿ: ಮೊದಲನೆಯ ವಿಭಾಗದಲ್ಲಿ 100ಕ್ಕೆ 1.27, ಎರಡನೆಯದರಲ್ಲಿ 1.33. ಕೈ ಶುಚಿಯಾದೊಡನೆ ಪದವಿಯ ಭೇದ ಅಳಿಯಿತು. ಹೆಂಗಸರು ಬೇಡಿಕೊಂಡದ್ದು ಒಂದು ಪಂಗಡವನ್ನಲ್ಲ, ತಮ್ಮನ್ನು ಕೊಲ್ಲದ ಕೈಯನ್ನು.

ಕೈಯ ಈ ವಿಚಾರ ನಮ್ಮವರಿಗೆ ತೀರ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಪ್ರಸವಕಾಲದಲ್ಲಿ ನಾಲ್ವರು ಹೆಂಗಸರು ಬಳಿಯಿರಬೇಕೆಂದು ವಿಧಿಸಿದೆ. ಅವರು ಪ್ರೌಢವಯಸ್ಸಿನವರೂ ಹೆರಿಗೆಯಲ್ಲಿ ನಿಪುಣರೂ ಆಗಿದ್ದರೆ ಸಾಲದು, ಉಗುರು ಕತ್ತರಿಸಿಕೊಂಡವರಾಗಿರಬೇಕು. ಗ್ರಂಥದ ಮಾತು ಗ್ರಂಥದಲ್ಲಿಯೇ ಉಳಿದ ಕಡೆಗಳೂ ಬಹಳ. ಕುಡುಗೋಲಿನಿಂದ ಹೊಕ್ಕುಳುಬಳ್ಳಿ ಕೊಯ್ದು, ಧನುರ್ವಾಯುವಿನಿಂದ ಎಳೆಗೂಸುಗಳನ್ನು ಕಳೆದುಕೊಂಡ ಮನೆಗಳು ಈ ದೇಶದಲ್ಲಿ ಅಸಂಖ್ಯ. ತಾಯಿಮಕ್ಕಳ ಧನುರ್ವಾಯು ಭಾರತದಿಂದ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2015ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಆದುದರಿಂದ ಹಳೆಯ ಸೂಲಗಿತ್ತಿಯನ್ನು ದೇವತೆಯಾಗಿಸುವ ಇಂದಿನ ಕೆಲವರ ಉತ್ಸಾಹ ನನಗೆ ಹಿಡಿಸದು. ಅವರಲ್ಲಿ ಅಸಾಧಾರಣರಿದ್ದರೆಂಬುದು ನಿಜ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಓದುಬರಹವಿಲ್ಲದೆ, ಅಜ್ಜಿಯಿಂದ ಕಲಿತ ವಿದ್ಯೆಯನ್ನು ಕಾಸಿಗೆ ಕೈಯೊಡ್ಡದೆ ಹಂಚಿದವರು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಎಣಿಕೆ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆದರೆ ನರಸಮ್ಮನಂಥವರು ಊರಿಗೊಬ್ಬರಿರಲಿಲ್ಲ.

ಮೇಲಾಗಿ, ಎಷ್ಟೇ ನುರಿತ ಕೈಯಾದರೂ ಒಂದು ಎಲ್ಲೆಯಲ್ಲಿ ನಿಲ್ಲಲೇಬೇಕು. 100 ಗರ್ಭಿಣಿಯರಲ್ಲಿ ಸುಮಾರು 15 ಮಂದಿಗೆ ತೊಡಕು ಬರುತ್ತದೆಂಬುದು ತಜ್ಞರ ಸಾಮಾನ್ಯ ಅಂದಾಜು. ರಕ್ತದೊತ್ತಡ ಏರಿ ಅಪಸ್ಮಾರದಂತೆ ಸೆಳೆತ ಬರಬಹುದು, ಕೂಸು ಅಡ್ಡ ತಿರುಗಬಹುದು. ಹೆತ್ತ ಮೇಲೆ ಗರ್ಭಕೋಶ ಕುಗ್ಗದೆ ರಕ್ತ ಹರಿಯತೊಡಗಿದರೆ ಎರಡು ಗಂಟೆಯೊಳಗೆ ಪ್ರಾಣ ಹೋದೀತು. ಆಗ ಬೇಕಾದದ್ದು ರಕ್ತ, ಅರಿವಳಿಕೆ, ಶಸ್ತ್ರ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಆಸ್ಪತ್ರೆಯ ಹೆರಿಗೆ ದೇಶದಲ್ಲೆಲ್ಲ ವೇಗವಾಗಿ ಹಬ್ಬಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ಇದರಿಂದ ಉಳಿದ ಜೀವಗಳನ್ನು ಯಾವ ವಾದವೂ ಅಲ್ಲಗಳೆಯಲಾರದು.

ಆದರೆ ಅದೇ ಸಮೀಕ್ಷೆಯ ಇನ್ನೊಂದು ಪುಟವನ್ನೂ ತೆರೆಯಬೇಕು. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶಸ್ತ್ರಕ್ರಿಯೆಯ ಪ್ರಮಾಣ 100ಕ್ಕೆ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಒಂದೇ ದೇಶದ ಹೆಂಗಸರ ಅಂಗರಚನೆ ಆಸ್ಪತ್ರೆಯ ಬಾಗಿಲು ಬದಲಾದೊಡನೆ ಬದಲಾಗುವುದೆಂದು ನಂಬುವುದು ಕಷ್ಟ. ಕ್ಲಿಷ್ಟ ಪ್ರಸಂಗಗಳು ಖಾಸಗಿಯವರಲ್ಲಿಗೇ ಹೆಚ್ಚಾಗಿ ಹೋಗುತ್ತವೆನ್ನೋಣವೆಂದರೆ, ಕೈಮೀರಿದ ಬಡವರು ಕೊನೆಗೆ ಸೇರುವುದು ಸರಕಾರದ ದೊಡ್ಡಾಸ್ಪತ್ರೆಗಳನ್ನು. ಪ್ರಸೂತಿತಜ್ಞ ತೊಡಕನ್ನು ಬಿಡಿಸಲು ಕಲಿತವನು. ತೊಡಕಿಲ್ಲದ ಹೆರಿಗೆಯ ಬಳಿ ಹತ್ತು ಹನ್ನೆರಡು ಗಂಟೆ ಸುಮ್ಮನೆ ಕಾಯುವುದು ಅವನ ವಿದ್ಯೆಯ ಮುಖ್ಯಭಾಗವಲ್ಲ, ಅವನಿಗೆ ಬಿಡುವೂ ಇಲ್ಲ. ಕಾಯುವುದೇ ಸೂಲಗಿತ್ತಿಯ ವಿದ್ಯೆ. ಸೊಂಟ ನೀವುತ್ತ, ನಡೆದಾಡಿಸುತ್ತ, ಕೂಸಿನ ಹೃದಯದ ಬಡಿತವನ್ನು ಮತ್ತೆ ಮತ್ತೆ ಆಲಿಸುತ್ತ, ಕೆಟ್ಟ ಸೂಚನೆ ಕಂಡ ಕ್ಷಣದಲ್ಲಿ ವೈದ್ಯನನ್ನು ಕರೆಯುವ ವಿವೇಕವಿದ್ದರೆ ಅವಳ ವಿದ್ಯೆ ಪೂರ್ಣ.

ಹಾಲೆಂಡ್ ದೇಶದಲ್ಲಿ ಆರೋಗ್ಯವಂತ ಗರ್ಭಿಣಿ ಮೊದಲು ಹೋಗುವುದು ಶಿಕ್ಷಿತ ಸೂಲಗಿತ್ತಿಯ ಬಳಿಗೆ. ತೊಡಕಿನ ಸುಳಿವು ದೊರೆತರಷ್ಟೆ ತಜ್ಞರಲ್ಲಿಗೆ. ಹಲವು ದೇಶಗಳ ಪರೀಕ್ಷಣಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಸಿರಿನ ಮೊದಲಿಂದ ಹೆರಿಗೆಯವರೆಗೆ ಅದೇ ಪರಿಚಿತ ಸೂಲಗಿತ್ತಿಯರ ಆರೈಕೆ ಪಡೆದವರಲ್ಲಿ ಸಹಜ ಹೆರಿಗೆ ಹೆಚ್ಚು, ಇಕ್ಕುಳ ಹಾಕಬೇಕಾದ ಪ್ರಸಂಗ ಕಡಿಮೆ. ನಮ್ಮ ಕೇಂದ್ರ ಸರಕಾರವೂ 2018ರ ಡಿಸೆಂಬರ್‌ನಲ್ಲಿ, ನರಸಮ್ಮ ತೀರಿಕೊಂಡ ಆ ತಿಂಗಳಲ್ಲಿಯೇ, ದಾದಿಯರಿಗೆ 18 ತಿಂಗಳ ವಿಶೇಷ ಶಿಕ್ಷಣ ಕೊಟ್ಟು ಆಸ್ಪತ್ರೆಯೊಳಗೇ ಸೂಲಗಿತ್ತಿಯರ ನೇತೃತ್ವದ ಹೆರಿಗೆ ಘಟಕಗಳನ್ನು ತೆರೆಯುವ ಮಾರ್ಗಸೂಚಿಯನ್ನು ಹೊರಡಿಸಿತು. ಒಂದು ಗೋಡೆಯ ಈಚೆಗೆ ಕಾಯುವ ಕೈ, ಆಚೆಗೆ ಕೊಯ್ಯಬಲ್ಲ ಕೈ. ವಿಯೆನ್ನಾದಲ್ಲಿ ಎರಡು ವಿಭಾಗಗಳಾಗಿ ಒಡೆದಿದ್ದುದು ಇಲ್ಲಿ ಒಂದಾಗಬೇಕೆಂಬ ಯೋಚನೆ. ಈ ಘಟಕಗಳು ಎಲ್ಲ ತಾಲೂಕುಗಳಿಗೂ ಬರುವುದಕ್ಕೆ ಇನ್ನೂ ಕಾಲ ಹಿಡಿಯುತ್ತದೆ.

ಅಲ್ಲಿಯವರೆಗೆ ನಮ್ಮ ಪದ್ಧತಿಯ ಒಂದು ಗಂಟು ಹಾಗೆಯೇ ಉಳಿದಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ರೂಢಿ, ಒಳ್ಳೆಯ ರೂಢಿ. ತಾಯಿಯ ಕೈಯ ಎಣ್ಣೆನೀರಿಗೆ ಸಮನಾದ ಶುಶ್ರೂಷೆ ಯಾವ ಆಸ್ಪತ್ರೆಯಲ್ಲಿದೆ? ಆದರೆ ಆರೇಳು ತಿಂಗಳು ಅವಳನ್ನು ನೋಡಿದ ವೈದ್ಯೆ ಗಂಡನ ಊರಿನಲ್ಲಿಯೇ ಉಳಿಯುತ್ತಾಳೆ. ಅವಳ ರಕ್ತ ಯಾವ ಗುಂಪಿನದು, ಒತ್ತಡ ಎಂದು ಏರಿತ್ತು, ಸಕ್ಕರೆ ಎಷ್ಟಿತ್ತು ಎಂಬುದೊಂದೂ ತಿಳಿಯದ ಹೊಸ ಕೈ ನಡುರಾತ್ರಿಯಲ್ಲಿ ಅವಳನ್ನು ಮೊದಲ ಬಾರಿ ಮುಟ್ಟುತ್ತದೆ. ಸೀಮಂತದ ಹಸಿರು ಬಳೆ ತೊಡಿಸಿ ಮಗಳನ್ನು ಕರೆದೊಯ್ಯುವ ಹಿರಿಯರು ಸೀರೆ, ಕುಬಸ, ಮಡಿಲಕ್ಕಿ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಳ್ಳುತ್ತಾರೆ. ಆರೋಗ್ಯ ಇಲಾಖೆ ಕೊಟ್ಟ ತಾಯಿ ಕಾರ್ಡು ಮಾತ್ರ ಎಷ್ಟೋ ಬಾರಿ ಗಂಡನ ಮನೆಯ ಗೂಡಿನಲ್ಲಿಯೇ ಉಳಿದುಬಿಡುತ್ತದೆ.