ಗಾಜಿನ ತೊಟ್ಟಿಯಲ್ಲಿ ಕಡಲಿನ ಜೀವ: ಮೃದು ಹವಳಗಳ ಪಾಲನೆ

ಹವಳ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಹೆಣ್ಣುಮಕ್ಕಳ ಕೊರಳಿನ ಸರದಲ್ಲಿ ಕರಿಮಣಿಗಳ ನಡುವೆ ಹೊಳೆಯುವ ಕೆಂಪು ಮಣಿ. ಅಪ್ಪಟ ಹವಳದ ಮಣಿಯು ಅಕ್ಕಸಾಲಿಗರ ಕೈಸೇರುವ ಮುನ್ನ ಕಡಲಿನ ಆಳದಲ್ಲಿ ಬದುಕಿದ್ದ ಜೀವಿಸಮೂಹವೊಂದರ ಒಡಲಿಗೆ ಆಧಾರವಾಗಿತ್ತು ಎಂಬುದು ಹಲವರಿಗೆ ತಿಳಿಯದು. ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ನೂರಾರು ಸಂಖ್ಯೆಯಲ್ಲಿ ಒಂದೇ ಒಡಲಿನಂತೆ ಕೂಡಿ ಬಾಳುವ ಅವಿಭಕ್ತ ಕುಟುಂಬವದು.

ಆ ಕೆಂಪು ಹವಳದ ಬಂಧುಗಳೇ ಮೃದು ಹವಳಗಳು. ಪ್ರತಿಯೊಂದು ಪಾಲಿಪಿಗೂ ಎಂಟು ಕರಬಳ್ಳಿಗಳಿರುವುದು ಈ ಕುಲದ ಗುರುತು. ಇವುಗಳಿಗೆ ಗಟ್ಟಿಯಾದ ಸುಣ್ಣದ ಗೂಡಿಲ್ಲ. ಮಾಂಸದೊಳಗೆ ಹುದುಗಿರುವ ಸುಣ್ಣದ ಸೂಕ್ಷ್ಮ ಕಣಗಳೇ ಒಡಲನ್ನು ಎತ್ತಿಹಿಡಿಯುತ್ತವೆ. ಅಣಬೆಯ ಕೊಡೆಯಂತೆ ಅರಳುವ ಸಾರ್ಕೋಫೈಟನ್, ಬೆರಳುಗಳಂತೆ ಕವಲೊಡೆಯುವ ಸಿನುಲೇರಿಯಾ, ಅಂಗೈಯನ್ನು ಮುಚ್ಚಿ ತೆರೆದಂತೆ ಮಿಡಿಯುವ ಜೀನಿಯಾ, ಇವು ಮನೆಯ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.

ಕಡಲನ್ನು ಮನೆಗೆ ತಂದವರು

ಹವಳಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವು ಅಮೆರಿಕ ಮತ್ತು ಯುರೋಪಿನಲ್ಲಿ ಬಹುವಾಗಿ ಬೆಳೆದಿದೆಯಾದರೂ ಅದಕ್ಕೆ ದಾರಿ ತೋರಿದವರಲ್ಲಿ ಮೊದಲಿಗರು ಏಷ್ಯಾದವರೇ ಆದ ಲೀ ಚಿನ್ ಎಂಗ್. ಇಂಡೋನೇಷ್ಯಾದ ಜಕಾರ್ತಾ ನಗರದಲ್ಲಿದ್ದ ಇವರು ಬಿಸಿಲು ಬೀಳುವೆಡೆ ತೊಟ್ಟಿಯನ್ನಿರಿಸಿ, ಜೀವಾಣುಗಳು ನೆಲೆಸಿದ ಕಡಲಿನ ಬಂಡೆಗಳನ್ನು ಅದರಲ್ಲಿ ಜೋಡಿಸಿ, ಗಾಳಿಯ ಗುಳ್ಳೆಗಳಿಂದಷ್ಟೇ ನೀರನ್ನು ಕದಡುತ್ತ ಹವಳಗಳನ್ನು ಉಳಿಸಿಕೊಂಡರು. 1961ರಲ್ಲಿ ತಮ್ಮ ವಿಧಾನವನ್ನು ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದರು. ಹವಳವನ್ನು ಸಾಕುವವನು ಮೊದಲು ನೀರನ್ನು ಸಾಕಬೇಕು ಎಂಬ ಪಾಠವನ್ನು ಇಂದಿನ ದುಬಾರಿ ಯಂತ್ರಗಳ ನಡುವೆಯೂ ನಾವು ಅವರಿಂದ ಕಲಿಯಬೇಕಾಗಿದೆ.

ನೀರೇ ಜೀವಾಳ

ತೊಟ್ಟಿಯಲ್ಲಿ ನೀರು ತುಂಬಿದ ದಿನವೇ ಹವಳವನ್ನು ತಂದು ಬಿಡುವುದು ಅದರ ಪ್ರಾಣಕ್ಕೆ ಎರವಾಗುತ್ತದೆ. ಮೀನುಗಳ ಮಲಮೂತ್ರ, ಉಳಿದ ಆಹಾರ ಮುಂತಾದವು ಕೊಳೆತು ಅಮೋನಿಯ ಹುಟ್ಟುತ್ತದೆ. ಬಂಡೆ ಮತ್ತು ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಆ ವಿಷವನ್ನು ನೈಟ್ರೈಟಾಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಕಣ್ಣಿಗೆ ಕಾಣದ ಸಂಸಾರವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆಯೇ ಮೊದಲ ಹವಳಕ್ಕೆ ಪ್ರವೇಶ.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೆಲವೊಮ್ಮೆ ತಾಮ್ರದ ಅಂಶವೂ ಇರುತ್ತದೆ. ತಾಮ್ರವು ಹವಳಕ್ಕೆ ಹಾಲಾಹಲ. ಆದಕಾರಣ ಶುದ್ಧೀಕರಿಸಿದ ನೀರಿನಲ್ಲಿಯೇ ಕಡಲುಪ್ಪಿನ ಮಿಶ್ರಣವನ್ನು ಕರಗಿಸತಕ್ಕದ್ದು. ತಾಮ್ರ ಬೆರೆತ ಮೀನಿನ ಔಷಧಗಳನ್ನು ಹವಳದ ತೊಟ್ಟಿಗೆ ಎಂದೂ ಹಾಕಲಾಗದು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಪಿ.ಎಚ್. 8.1ರಿಂದ 8.4 ಇದ್ದರೆ ಮೃದು ಹವಳಗಳು ನೆಮ್ಮದಿಯಾಗಿರುತ್ತವೆ. ಈ ಅಂಕಿಗಳಿಗಿಂತಲೂ ಮುಖ್ಯವಾದುದು ಸ್ಥಿರತೆ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುವುದರಿಂದ, ದಿನದಿನದ ಕೊರತೆಯನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗದಷ್ಟು ನೀರನ್ನು ತೆಗೆದು, ಅದೇ ಉಷ್ಣತೆ, ಅದೇ ಉಪ್ಪಿನ ಹದದ ಹೊಸ ನೀರನ್ನು ಸೇರಿಸುವುದು ಒಳ್ಳೆಯ ರೂಢಿ.

ಬೆಳಕು ಮತ್ತು ಹರಿವು

ಈ ಹವಳಗಳ ಮಾಂಸದೊಳಗೆ ಸೂಕ್ಷ್ಮವಾದ ಪಾಚಿ ಕೋಶಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಆಶ್ರಯ ಕೊಟ್ಟ ಹವಳಕ್ಕೂ ಉಣಿಸುತ್ತವೆ. ನೀರು ಅತಿಯಾಗಿ ಕಾದಾಗ ಈ ನಂಟು ಮುರಿದು, ಪಾಚಿಯನ್ನು ಕಳೆದುಕೊಂಡ ಹವಳ ಬೆಳ್ಳಗಾಗುತ್ತದೆ. ಹಾಗೆಂದು ಹೊಸದಾಗಿ ತಂದ ಹವಳವನ್ನು ಪ್ರಖರವಾದ ದೀಪದಡಿ ಒಮ್ಮೆಲೇ ಇಡಲಾಗದು. ಕೆಳಗಿನ ಮಬ್ಬು ಬೆಳಕಿನಲ್ಲಿರಿಸಿ ಕ್ರಮೇಣ ಮೇಲಕ್ಕೆ ತರಬೇಕು. ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ಬೆಳಕು ಸಾಕು.

ನೀರಿನ ಹರಿವು ಒಂದೇ ಕಡೆಯಿಂದ ರಾಚದೆ ದಿಕ್ಕು ಬದಲಿಸುತ್ತ ಸುಳಿಯಬೇಕು. ಜೀನಿಯಾ ಕುಲದ ಹವಳವು ಮಿಡಿಯುವುದು ಏಕೆಂದು ಕೆಂಪು ಸಮುದ್ರದಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳು, ಆ ಮಿಡಿತವು ಮಾಂಸದ ಬಳಿ ಸೇರಿದ ಆಮ್ಲಜನಕವನ್ನು ಚದುರಿಸಿ ಪಾಚಿಯ ಆಹಾರ ತಯಾರಿಕೆಗೆ ನೆರವಾಗುತ್ತದೆಂದು 2013ರಲ್ಲಿ ಪ್ರಕಟಿಸಿದರು. ನೀರಿನ ಚಲನೆ ಹವಳಕ್ಕೆ ಎಷ್ಟು ಅಗತ್ಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಮುದುಡಿದುದೆಲ್ಲ ಸತ್ತುದಲ್ಲ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಿನ್ನೆಯವರೆಗೆ ಅರಳಿ ನಿಂತಿದ್ದ ಸಾರ್ಕೋಫೈಟನ್ ಒಂದು ದಿನ ಪಾಲಿಪುಗಳನ್ನೆಲ್ಲ ಒಳಗೆಳೆದುಕೊಂಡು ಕುಗ್ಗುತ್ತದೆ; ಅದರ ಮೈಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ಗಾಬರಿಗೊಂಡ ಯಜಮಾನ ಅದನ್ನು ಜಾಗ ಬದಲಿಸುತ್ತಾನೆ, ಔಷಧ ಸುರಿಯುತ್ತಾನೆ, ಕೊನೆಗೆ ಸತ್ತಿತೆಂದು ಎಸೆದೂ ಬಿಡುತ್ತಾನೆ. ವಾಸ್ತವದಲ್ಲಿ ಅದು ಹಾವು ಪೊರೆ ಬಿಡುವಂತೆ ಮೈಮೇಲಿನ ಪಾಚಿ, ಕೊಳೆಗಳನ್ನು ಕಳಚುತ್ತಿರುತ್ತದೆ. ನೀರನ್ನು ಪರೀಕ್ಷಿಸಿ, ಹರಿವು ಸರಿಯಿದೆಯೇ ಎಂದು ನೋಡಿ, ಕೈಕಟ್ಟಿ ಕಾಯುವುದೊಂದೇ ಆಗ ಮಾಡಬೇಕಾದ ಕೆಲಸ. ಕೆಲವು ದಿನಗಳಲ್ಲಿ, ಕೆಲವೊಮ್ಮೆ ಒಂದೆರಡು ವಾರಗಳಲ್ಲಿ, ಪೊರೆ ಕಳಚಿ ಹವಳ ಮತ್ತೆ ಅರಳುತ್ತದೆ. ಒಡಲು ಕಂದುಗಟ್ಟಿ ಕರಗತೊಡಗಿ ದುರ್ವಾಸನೆ ಬಂದರೆ ಮಾತ್ರ ಅದು ಕಾಯಿಲೆಯ ಲಕ್ಷಣ. ಅಂಥದನ್ನು ಕೂಡಲೇ ಬೇರ್ಪಡಿಸಬೇಕು.

ಮೃದು ಎಂಬ ಹೆಸರಿದ್ದರೂ ಇವು ನಿರಾಯುಧವಲ್ಲ. ನೆರೆಯ ಹವಳಗಳ ಬೆಳವಣಿಗೆಯನ್ನು ಕುಂದಿಸುವ ರಾಸಾಯನಿಕಗಳನ್ನು ನೀರಿಗೆ ಬಿಡುವ ಶಕ್ತಿ ಇವುಗಳಿಗಿದೆ. ಆದ್ದರಿಂದ ನಡುವೆ ಸಾಕಷ್ಟು ಅಂತರವಿರಬೇಕು. ಸಕ್ರಿಯ ಇದ್ದಿಲನ್ನು ಬಳಸಿ ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ಮನೆಮಂದಿಗೊಂದು ಎಚ್ಚರಿಕೆ

ಮೃದು ಹವಳಗಳ ಜೊತೆಯಲ್ಲಿಯೇ ಮಾರಾಟವಾಗುವ ಜೊವಾಂತಿಡ್ ಎಂಬ ಗುಂಡಿಯಾಕಾರದ ಜೀವಿಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಇವು ಬೆಳೆದ ಕಲ್ಲನ್ನು ಬಿಸಿನೀರು ಸುರಿದು ಉಜ್ಜಿದ್ದರಿಂದ ಎದ್ದ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ವರದಿಯಾಗಿವೆ. ತೊಟ್ಟಿಯ ಕಲ್ಲನ್ನು ಎಂದೂ ಕುದಿಸಬಾರದು. ಕೈಗವಸು ಧರಿಸಿಯೇ ಕೈಯಿಡಬೇಕು, ಮಕ್ಕಳನ್ನು ದೂರವಿರಿಸಬೇಕು, ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಕಡಲಿನ ಋಣ

ನಮ್ಮ ದೇಶದಲ್ಲಿ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಮೊದಲಾದವುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿ ರಕ್ಷಿಸಲಾಯಿತು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳನ್ನು ನೀರಿನಲ್ಲಿಯೇ ಕಂಡು ಹರ್ಷಿಸಬೇಕೇ ವಿನಾ ಒಂದು ಚೂರನ್ನೂ ಕಿತ್ತು ತರಕೂಡದು. ಹವಳ ಕೊಳ್ಳಬಯಸುವವರು ಅದು ಯಾವ ಜಾತಿಯದು, ಎಲ್ಲಿಯದು, ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಕಡಲಿನ ನೀರು ಕಾಯುತ್ತಿರುವುದರಿಂದ ಜಗತ್ತಿನಾದ್ಯಂತ ಹವಳಗಳು ಬೆಳ್ಳಗಾಗುತ್ತಿವೆಯೆಂದು 2024ರಲ್ಲಿ ನಾಲ್ಕನೆಯ ಬಾರಿಗೆ ವಿಜ್ಞಾನಿಗಳು ಘೋಷಿಸಿದ ಮೇಲಂತೂ ಈ ವಿವೇಚನೆ ಮತ್ತಷ್ಟು ಅಗತ್ಯವಾಗಿದೆ.

ಸಮಾಧಾನದ ಸಂಗತಿಯೆಂದರೆ, ಮೃದು ಹವಳವು ಹಂಚಿದಷ್ಟೂ ಹೆಚ್ಚುವ ಜೀವಿ. ಬಲಿತ ಸಾರ್ಕೋಫೈಟನ್ನಿನ ಕೊಡೆಯಿಂದ ಹರಿತವಾದ ಅಲಗಿನಲ್ಲಿ ತುಣುಕೊಂದನ್ನು ಕತ್ತರಿಸಿ, ಕಲ್ಲಿನ ಚೂರಿನ ಮೇಲೆ ಬಲೆಬಟ್ಟೆಯಿಂದ ಹಗುರವಾಗಿ ಬಿಗಿದಿಟ್ಟರೆ ಕೆಲವೇ ವಾರಗಳಲ್ಲಿ ಅದು ಅಂಟಿಕೊಂಡು ಬೆಳೆಯತೊಡಗುತ್ತದೆ. ತಾಯಿಯ ಗಾಯವೂ ಮಾಯುತ್ತದೆ. ಒಂದು ಮನೆಯ ಹವಳ ಹತ್ತು ಮನೆಗಳಿಗೆ ಹೀಗೆ ಸಾಗಿದರೆ ಕಡಲಿಗೆ ಕೈಹಾಕುವ ಪ್ರಮೇಯವೇ ಬಾರದು. ಸಾಕುವ ಸಹನೆ ಇಲ್ಲದವರು ನೋಡಿ ಸಂತೋಷಪಡಲಿ; ಸಾಕಲು ಹೊರಟವರು ತಮ್ಮ ತೊಟ್ಟಿಯಲ್ಲಿರುವುದು ಮಾತು ಬಾರದ ಜೀವವೆಂಬುದನ್ನು ಒಂದು ದಿನವೂ ಮರೆಯದಿರಲಿ.