ಒಂದು ಜಗಲಿ, ನಾಲ್ಕು ತರಗತಿ

ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳುವುದೆಂದರೆ ತಾಯಿಯೊಬ್ಬಳು ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸುವ ಚಿತ್ರವೇ ಬಹು ಮಂದಿಯ ಮನಸ್ಸಿಗೆ ಬರುವುದು. ಅಷ್ಟೇ ಆಗಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಒಂದೇ ಹೊತ್ತಿನಲ್ಲಿ ಒಬ್ಬಳಿಗೆ ಬೀಜಗಣಿತ, ಒಬ್ಬನಿಗೆ ಭಿನ್ನರಾಶಿ, ಇನ್ನೊಬ್ಬಳಿಗೆ ಒತ್ತಕ್ಷರ, ಕಡೆಯವನಿಗೆ ಸಿಕ್ಕಿದ್ದನ್ನು ಬಾಯಿಗೆ ಹಾಕದಂತೆ ಕಾವಲು, ಇವು ನಾಲ್ಕೂ ನಡೆಯಬೇಕಾದ ಸಂಸಾರದ ಸ್ಥಿತಿಯೇ ಬೇರೆ.

ನಮ್ಮದು ತೀರ್ಥಹಳ್ಳಿಯ ಸೀಮೆಯ ಅಡಕೆತೋಟದ ಮನೆ. ಮಕ್ಕಳ ವಯಸ್ಸು 15, 11, 8 ಮತ್ತು 4. 2020ನೆಯ ಇಸವಿಯ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಆರಂಭವಾದ ಮನೆಪಾಠವು, ಅವು ತೆರೆದ ಮೇಲೆಯೂ ನಮ್ಮಲ್ಲಿ ನಿಲ್ಲಲಿಲ್ಲ. ಇದು ಕಾಯಿದೆಗೆ ಒಪ್ಪುವುದೇ ಎಂದು ಕೇಳುವವರುಂಟು. 2010ರಲ್ಲಿ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಉಚಿತ ಶಿಕ್ಷಣವು ದೊರೆಯಬೇಕೆಂದು ವಿಧಿಸಿದೆ. ಮನೆಯಲ್ಲಿ ಕಲಿಯುವವರ ವಿಷಯದಲ್ಲಿ ಅದು ಮೌನವಾಗಿದೆ. ಪರೀಕ್ಷೆಗೆ ಮಾತ್ರ ದಾರಿಯುಂಟು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 14 ತುಂಬಿದವರನ್ನು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಸೇರಿಸಿಕೊಳ್ಳುತ್ತದೆ. 5 ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಅದಕ್ಕೆ 5 ವರ್ಷದ ಅವಧಿಯಲ್ಲಿ 9 ಅವಕಾಶಗಳಿವೆ. ನಮ್ಮ ಹಿರಿಯ ಮಗಳು ಬರುವ ಏಪ್ರಿಲಿನಲ್ಲಿ ಕೂರತಕ್ಕದ್ದು ಈ ಪರೀಕ್ಷೆಗೇ.

ಹಲವು ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕಲಿಸುವ ಉಪಾಯವು ನಮ್ಮ ಹಿರಿಯರಿಗೆ ತಿಳಿಯದ್ದಲ್ಲ. ಹಿಂದಿನ ಕೂಲಿಮಠಗಳಲ್ಲಿ ಅಯ್ಯನವರೊಬ್ಬರೇ ಇದ್ದು, ಮಗ್ಗಿ ಬಂದ ಹುಡುಗನು ಬಾರದವನಿಗೆ ಹೇಳಿಕೊಡುತ್ತಿದ್ದನು. ಅಕ್ಷರವನ್ನು ತಿದ್ದುವುದು ಮರಳಿನ ಮೇಲೆ. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಈ ದೇಶದ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನೇ ಆಚರಣೆಗೆ ತಂದು, ದೊಡ್ಡವರಿಂದ ಚಿಕ್ಕವರಿಗೆ ಪಾಠ ಹೇಳಿಸಿ, 1797ರಲ್ಲಿ ಅದರ ವಿವರವನ್ನು ಅಚ್ಚು ಹಾಕಿಸಿದನು. ಆ ಪದ್ಧತಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ನಮ್ಮ ಮರಳು ಹಡಗು ಹತ್ತಿ ಹೋಯಿತೆಂದು ನಾವು ಹೆಮ್ಮೆಪಡಬಹುದು. ಆದರೆ ಈ ಪದ್ಧತಿಯ ಭಾರವನ್ನು ಹೊರುವವರು ಯಾರೆಂಬುದನ್ನೂ ವಿಚಾರಿಸಬೇಕು.

1806ರಲ್ಲಿ ಹುಟ್ಟಿದ ಜಾನ್ ಸ್ಟುವರ್ಟ್ ಮಿಲ್ ಎಂಬ ತತ್ತ್ವಜ್ಞಾನಿಯು ಶಾಲೆಯ ಮೆಟ್ಟಿಲನ್ನೇ ಹತ್ತದೆ ತಂದೆಯಿಂದ ಮನೆಯಲ್ಲಿ ಕಲಿತವನು. ತಂದೆಯು ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಬರೆಯುತ್ತಿದ್ದ ಮೇಜಿನ ಬಳಿಯೇ ಮಗನ ಗ್ರೀಕ್ ಪಾಠ. ಎಂಟನೆಯ ವಯಸ್ಸಿನಲ್ಲಿ ಲ್ಯಾಟಿನ್ ಆರಂಭಿಸಿದ ಬಾಲಕನು, ಕಲಿತುದನ್ನು ಕಲಿತಂತೆ ತಂಗಿಗೆ ಒಪ್ಪಿಸಬೇಕಾಗಿತ್ತು. ಅವಳ ಪಾಠ ತಪ್ಪಿದರೆ ಹೊಣೆಯೂ ಇವನದೇ. ಹೀಗೆ ಹೇಳಿಕೊಟ್ಟುದರಿಂದ ತನ್ನ ಪಾಠವು ಗಟ್ಟಿಯಾಯಿತೆಂದು ಅವನು ಆತ್ಮಕಥೆಯಲ್ಲಿ ಒಪ್ಪಿದರೂ, ಕಲಿಸುವ ಕ್ರಮವಾಗಿ ಅದನ್ನು ಮೆಚ್ಚಲಿಲ್ಲ. ಹಿರಿಯ ಮಗುವಿರುವ ಪ್ರತಿಯೊಂದು ಮನೆಯವರೂ ನೆನೆಯತಕ್ಕ ಮಾತಿದು.

ಈಗ ನಮ್ಮ ವಾರದ ಕಥೆಗೆ ಬರೋಣ. ಕೊಯ್ಲಿನ ಕಾಲವಾದುದರಿಂದ ಸೋಮವಾರ ಕೊನೆಗಾರರು ಬಂದರು. ಪಾಠವು ಹೆಸರಿಗಷ್ಟೇ ನಡೆಯಿತು. ಮಂಗಳವಾರವೂ ಹೆಚ್ಚುಕಡಮೆ ಹಾಗೆಯೇ. ಬುಧವಾರ ಸುಲಿತಕ್ಕೆ ಕುಳಿತ ಹೆಂಗಸರ ಡಬ್ಬದ ಲೆಕ್ಕವನ್ನು 11 ವರ್ಷದವನಿಗೆ ವಹಿಸಿದೆವು. ಮೂವರ ಲೆಕ್ಕ ನಾಲ್ಕೂವರೆ, ಮೂರೂಮುಕ್ಕಾಲು, ಐದೂಕಾಲು. ಹುಡುಗನು ಛೇದಗಳನ್ನು ಸಮ ಮಾಡುತ್ತ ಅರ್ಧ ಹಾಳೆ ತುಂಬಿಸುವಷ್ಟರಲ್ಲಿ, ಮೆಟ್ಟುಗತ್ತಿಯ ಮೇಲಿನಿಂದ ಕಣ್ಣೆತ್ತದೆಯೇ ಹಿರಿಯ ಹೆಂಗಸು, “ಹದಿಮೂರೂವರೆ ಬರ್ಕ, ಅಪ್ಪಿ” ಎಂದಳು. ಹೇಗೆಂದು ಕೇಳಿದರೆ, “ಮುಕ್ಕಾಲಿಗೆ ಕಾಲು ಸೇರಿದ್ರೆ ಒಂದಾಯ್ತು. ಉಳಿದದ್ದು ಅರೆ” ಎಂಬ ಉತ್ತರ. ಆಕೆಗೆ ಓದು ಬರಹ ಬಾರದು. ಹುಡುಗನು ಆ ಸಂಜೆಯೆಲ್ಲ ಕಾಲು, ಅರೆ, ಮುಕ್ಕಾಲುಗಳನ್ನು ಜೊತೆಗೂಡಿಸುತ್ತ ಓಡಾಡಿದನು. ಭಿನ್ನರಾಶಿಯ ವಿಷಯದಲ್ಲಿ ನಾವು ಹೇಳಬೇಕಾದುದು ಅಂದಿಗೆ ಉಳಿಯಲಿಲ್ಲ.

ಗುರುವಾರದ್ದು ಬೇರೆ ಮಾತು. ಹಿರಿಯವಳು ವಿಜ್ಞಾನದ ಪುಸ್ತಕವನ್ನು ಹಿಡಿದು ಬೆಳಗಿನಿಂದ ಕುಳಿತಿದ್ದಳು. ಹಾಳೆಯ ಅಂಚಿನಲ್ಲಿ ಸಣ್ಣ ಗೀಟುಗಳು ಸಾಲಾಗಿದ್ದುದನ್ನು ಅತ್ತೆಯವರು ಕಂಡು ಏನೆಂದು ವಿಚಾರಿಸಿದರು. ತಮ್ಮನು ಡಬ್ಬಕ್ಕೊಂದು ಗೀಟು ಹಾಕಿದಂತೆ, ಇವಳು “ಅಕ್ಕಾ” ಎಂದು ಕೂಗು ಬಂದಾಗಲೆಲ್ಲ ಒಂದು ಹಾಕಿದ್ದಳು. ಊಟದ ಹೊತ್ತಿಗೆ 23 ಆಗಿತ್ತು. ಅವಳು ದೂರಲಿಲ್ಲ, ಲೆಕ್ಕವಿಟ್ಟಿದ್ದಳು ಅಷ್ಟೇ.

ಅಂದು ರಾತ್ರಿ ಯಜಮಾನರೂ ಅತ್ತೆಯವರೂ ನಾವೂ ಕುಳಿತು ಮಾತಾಡಿದೆವು. ಹೆಣ್ಣುಮಗಳಾದುದರಿಂದ ಸಹಿಸಿಕೊಳ್ಳಲಿ ಎಂದು ಅತ್ತೆಯವರು ಹೇಳಬಹುದೆಂದು ವಾಚಕರು ಊಹಿಸಿದರೆ ಅದು ತಪ್ಪು. ಏಳನೆಯ ತರಗತಿಯಲ್ಲಿ ತಮ್ಮ ಓದು ನಿಂತುದನ್ನು ಅವರು ಮರೆತಿಲ್ಲ. “ಬೆಳಗಿನ ಹೊತ್ತು ಅವಳು ಯಾರ ಅಕ್ಕನೂ ಅಲ್ಲ” ಎಂದು ತೀರ್ಪು ಕೊಟ್ಟವರು ಅವರೇ. ಏಳರಿಂದ ಹನ್ನೊಂದರವರೆಗೆ ಅವಳಿಗೆ ಉಪ್ಪರಿಗೆಯ ಕೋಣೆ, ಒಳಗಿನಿಂದ ಅಗುಳಿ. 8 ವರ್ಷದವಳು ಅಜ್ಜಿಗೆ ದಿನಪತ್ರಿಕೆಯನ್ನು ಓದಿ ಹೇಳಬೇಕು. ಕಣ್ಣು ಮಂಜಾದ ಅಜ್ಜಿಗೆ ಸುದ್ದಿ ತಿಳಿಯುವುದು, ಮಗುವಿಗೆ ಒತ್ತಕ್ಷರ ಕೂಡುವುದು. ತಪ್ಪು ಓದಿದರೆ ಅಜ್ಜಿಗೆ ಅರ್ಥವಾಗದು, ಆದುದರಿಂದ ತಿದ್ದಿಕೊಳ್ಳಲೇಬೇಕು. ಕಡೆಯವನು ಅಣ್ಣನೊಡನೆ ಅರ್ಧ ಗಂಟೆ ಅಡಕೆಯನ್ನು ಹತ್ತು ಹತ್ತಾಗಿ ಗುಡ್ಡೆ ಮಾಡುವುದು. ಅದಕ್ಕಿಂತ ಹೆಚ್ಚು ಹೊತ್ತು ಆ ಅಣ್ಣನನ್ನೂ ಕಟ್ಟಿಹಾಕಕೂಡದೆಂದು ನಿಶ್ಚಯಿಸಿದೆವು.

ಶುಕ್ರವಾರ ಈ ವ್ಯವಸ್ಥೆಯು ಒಂಬತ್ತೂವರೆಗೆ ಮುರಿಯಿತು. ಸುಲಿದ ಅಡಕೆಯನ್ನು ಬೇಯಿಸುವ ಹಂಡೆಗೆ ಚೊಗರು ಹದ ಮಾಡುವ ಕೆಲಸ ಕಾಯುವಂಥದಲ್ಲ. ನಾವೆಲ್ಲರೂ ಒಲೆಯ ಬಳಿ ಸೇರಿದೆವು. ಉಪ್ಪರಿಗೆಯವಳನ್ನು ಮಾತ್ರ ಯಾರೂ ಕರೆಯಲಿಲ್ಲ. ಕಡೆಯವನು ಏಣಿಯ ಬುಡದಲ್ಲಿ ನಿಂತು ಬಾಯಿ ತೆರೆದವನು ಅಜ್ಜಿಯ ಮುಖವನ್ನು ನೋಡಿ ಮುಚ್ಚಿದನು.

ಶನಿವಾರ ಅವಳು ಮಾದರಿ ಪ್ರಶ್ನೆಪತ್ರಿಕೆಯೊಂದಕ್ಕೆ ಮೂರು ಗಂಟೆ ತಡೆಯಿಲ್ಲದೆ ಉತ್ತರ ಬರೆದಳು. ಬೆಳಕಿನ ವಕ್ರೀಭವನದ ಲೆಕ್ಕವೊಂದು ತಪ್ಪಿತ್ತು, ಉಳಿದುದು ಸಾಧಾರಣವಾಗಿ ಚೆನ್ನಾಗಿಯೇ ಇತ್ತು. ಮಧ್ಯಾಹ್ನ ಅವಳೇ ಕೆಳಗಿಳಿದು ಬಂದು, ಕರೆಯದೆಯೇ ತಂಗಿಯ ಕಾಪಿಪುಸ್ತಕವನ್ನು ತಿದ್ದಲು ಕುಳಿತಳು. ಸೋಮವಾರ ಮೇಲಿನ ತೋಟದ ಕೊಯ್ಲು. ಹುಡುಗನು ಡಬ್ಬದ ಲೆಕ್ಕಕ್ಕೆ ಹೊಸ ಹಾಳೆಗೆ ಗೆರೆ ಎಳೆದಿಟ್ಟಿದ್ದಾನೆ.